ಒಂದೇ ಹಾಡು, ಹಲವು ರೆಕಾರ್ಡಿಂಗ್: ‘ವಾಟ್ಸ್ ಗೋಯಿಂಗ್ ಆನ್’ ಅನ್ನು ಹೋಲಿಸಿ ಕೇಳುವುದು ಹೇಗೆ?

ಹಾಡು ಕೇಳುವ ಯಾವುದಾದರೂ ಆ್ಯಪ್ ತೆರೆದು ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹುಡುಕಿ. ಒಂದು ಹಾಡಲ್ಲ, ಒಂದು ಪಟ್ಟಿಯೇ ಎದುರಾಗುತ್ತದೆ. ‘ಮೋನೋ ಸಿಂಗಲ್’, ‘ಡೆಟ್ರಾಯಿಟ್ ಮಿಕ್ಸ್’, ‘ಲೈವ್’, ‘ರೀಮಾಸ್ಟರ್ಡ್’ ಎಂದೆಲ್ಲ ಬಾಲ ಹಚ್ಚಿಕೊಂಡ ಹೆಸರುಗಳು. ಡಾನಿ ಹ್ಯಾಥವೇ, ಕ್ವಿನ್ಸಿ ಜೋನ್ಸ್, ಸಿಂಡಿ ಲಾಪರ್ ಅವರ ರೆಕಾರ್ಡಿಂಗ್‌ಗಳು ಬೇರೆ. 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದೇ ಹೆಸರಿನ ಆಲ್ಬಂಗೆ ಮೊದಲ ಸ್ಥಾನ ಕೊಟ್ಟಿತು. ಅದನ್ನು ನೋಡಿ ಕುತೂಹಲದಿಂದ ಬಂದ ಹೊಸ ಕೇಳುಗರಿಗೆ ಈ ಪಟ್ಟಿಯ ಮುಂದೆ ಏಳುವ ಪ್ರಶ್ನೆ ಸಹಜವಾದದ್ದು: ಇವುಗಳಲ್ಲಿ ಯಾವುದನ್ನು ಕೇಳಬೇಕು, ವ್ಯತ್ಯಾಸವಾದರೂ ಏನು?

ಒಂದು ಪದವನ್ನು ಹಲವರು ಹಾಡುವುದು ನಮಗೆ ಹೊಸದಲ್ಲ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಭೀಮಸೇನ ಜೋಶಿಯವರ ಕಂಠದಲ್ಲಿ ಕೇಳಿದವರು ಅದನ್ನೇ ಕರ್ನಾಟಕ ಸಂಗೀತದ ಕಛೇರಿಯಲ್ಲೂ ಕೇಳಿರುತ್ತಾರೆ. ದಾಸರ ಪದ ಒಂದೇ, ಅದು ತಟ್ಟುವ ಬಗೆ ಎರಡು. ಆದರೆ ಸ್ಟುಡಿಯೋದಲ್ಲಿ ಹುಟ್ಟಿದ ಹಾಡಿಗೆ ಇನ್ನೂ ಒಂದು ಮಗ್ಗುಲಿದೆ. ಗಾಯಕ ಒಬ್ಬನೇ, ಹಾಡಿದ್ದೂ ಒಂದೇ ಸಲ ಆಗಿದ್ದರೂ, ಅದೇ ಟೇಪಿನಿಂದ ಎರಡು ಬೇರೆ ಬೇರೆ ಹಾಡುಗಳೆನಿಸುವಷ್ಟು ವ್ಯತ್ಯಾಸ ತೆಗೆಯಬಹುದು.

ಮೊದಲು ಕೆಲವು ಪದಗಳು

ಸ್ಟುಡಿಯೋದಲ್ಲಿ ಒಮ್ಮೆ ಹಾಡಿ ಅಥವಾ ನುಡಿಸಿ ದಾಖಲಿಸಿದ್ದು ‘ಟೇಕ್’. ಡ್ರಮ್ಸ್, ಬೇಸ್ ಎಂಬ ತಗ್ಗು ಸ್ವರದ ಗಿಟಾರ್, ಮಾಮೂಲಿ ಗಿಟಾರ್, ದನಿ ಹೀಗೆ ಒಂದೊಂದನ್ನೂ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಇಟ್ಟುಕೊಳ್ಳುತ್ತಾರೆ; ಆ ಪಟ್ಟಿಗಳೇ ‘ಟ್ರ್ಯಾಕ್’. ಆಮೇಲೆ ಯಾವುದು ಎಷ್ಟು ಜೋರು, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದಕ್ಕೆ ಎಷ್ಟು ಪ್ರತಿಧ್ವನಿ ಎಂದು ನಿರ್ಧರಿಸಿ ಎಲ್ಲವನ್ನೂ ಒಂದುಗೂಡಿಸುವುದು ‘ಮಿಕ್ಸ್’. ಒಂದೇ ಅಕ್ಕಿ, ಒಂದೇ ಬೇಳೆ, ಒಂದೇ ಪುಡಿ ಇದ್ದರೂ ಎರಡು ಮನೆಯ ಬಿಸಿಬೇಳೆ ಬಾತ್ ಬೇರೆ ರುಚಿ ಕೊಡುತ್ತದಲ್ಲ, ಮಿಕ್ಸ್ ಮಾಡುವುದು ಅದೇ ಕೆಲಸ. ಮಿಕ್ಸ್ ಆದ ಹಾಡನ್ನು ರೆಕಾರ್ಡಿಗೋ ಸಿಡಿಗೋ ಇಳಿಸುವ ಮುನ್ನ ಒಟ್ಟಾರೆ ಜೋರು ಮತ್ತು ನಾದದ ಬಣ್ಣವನ್ನು ಹದ ಮಾಡುವುದು ‘ಮಾಸ್ಟರಿಂಗ್’. ವರ್ಷಗಳ ನಂತರ ಅದನ್ನೇ ಮತ್ತೆ ಮಾಡಿದರೆ ‘ರೀಮಾಸ್ಟರ್’. ಬೇರೊಬ್ಬರು ಆ ಹಾಡನ್ನು ಹೊಸದಾಗಿ ಹಾಡಿದರೆ ಅದು ‘ಕವರ್’.

ಹೋಲಿಕೆಯಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಈ ಹಂತಗಳನ್ನು ಕಲಸಿಬಿಡುವುದರಿಂದ. ‘ಇದರಲ್ಲಿ ದನಿ ಹೆಚ್ಚು ಆರ್ದ್ರವಾಗಿದೆ’ ಎನ್ನುವ ಮೊದಲು ಗಾಯಕ ಬೇರೆ ರೀತಿ ಹಾಡಿದ್ದಾನೋ, ಮಿಕ್ಸ್ ಮಾಡಿದವರು ಪ್ರತಿಧ್ವನಿ ಹೆಚ್ಚಿಸಿದ್ದಾರೋ ನೋಡಬೇಕು.

ಹಾಡು ಹುಟ್ಟಿದ್ದು

1969ರ ಮೇ 15ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಪೀಪಲ್ಸ್ ಪಾರ್ಕ್ ಎಂಬ ಜಾಗದ ವಿಚಾರಕ್ಕೆ ಪ್ರತಿಭಟಿಸುತ್ತಿದ್ದ ಯುವಜನರ ಮೇಲೆ ಪೊಲೀಸರು ಮುಗಿಬಿದ್ದರು. ಫೋರ್ ಟಾಪ್ಸ್ ಗಾಯನ ತಂಡದ ರೆನಾಲ್ಡೊ ‘ಓಬಿ’ ಬೆನ್ಸನ್ ಅದನ್ನು ಕಣ್ಣಾರೆ ಕಂಡರು. ಅವರು ಕಟ್ಟಿದ ಹಾಡಿನ ಎಳೆಗೆ ಗೀತರಚನೆಕಾರ ಆಲ್ ಕ್ಲೀವ್‌ಲ್ಯಾಂಡ್ ಜೊತೆಯಾದರು. ಫೋರ್ ಟಾಪ್ಸ್ ತಂಡಕ್ಕೆ ಅದು ಬೇಡವಾಯಿತು. ಕೊನೆಗೆ ಮಾರ್ವಿನ್ ಗೇ ಅವರ ಕೈಸೇರಿ, ಅವರೂ ತಿದ್ದಿ ತೀಡಿದ ಮೇಲೆ ಹಾಡು ಈಗಿನ ರೂಪಕ್ಕೆ ಬಂತು. ಗೇ ಅವರ ತಮ್ಮ ಫ್ರ್ಯಾಂಕಿ ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿ ದುಡಿದು ಬಂದವರು. ಹಾಡಿನೊಳಗೆ ತಾಯಿ, ತಮ್ಮ, ತಂದೆ ಎಂದು ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವುದರ ಹಿಂದೆ ಆ ಮನೆಯೂ ಇದೆ.

ಗೇ ಹಾಡುತ್ತಿದ್ದ ಮೋಟೌನ್ ಎಂಬುದು ಬೆರಿ ಗೋರ್ಡಿ ಡೆಟ್ರಾಯಿಟ್ ನಗರದಲ್ಲಿ ಕಟ್ಟಿದ ರೆಕಾರ್ಡ್ ಕಂಪನಿ. ಪ್ರೇಮಗೀತೆಗಳಿಂದ ಹೆಸರಾದ ಆ ಸಂಸ್ಥೆಯ ಮುಖ್ಯಸ್ಥರಿಗೆ ಈ ಹಾಡು ಹಿಡಿಸಲಿಲ್ಲ. ಇದು ಬಿಡುಗಡೆಯಾಗದೆ ಬೇರೇನೂ ರೆಕಾರ್ಡ್ ಮಾಡುವುದಿಲ್ಲ ಎಂದು ಗೇ ಪಟ್ಟು ಹಿಡಿದರು. 1970ರ ಜೂನ್ 1ರಂದು ರೆಕಾರ್ಡಿಂಗ್ ಶುರುವಾದ ಹಾಡು ‘ಸಿಂಗಲ್’ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡಾಗಿ, ಹೊರಬಂದದ್ದು 1971ರ ಜನವರಿಯಲ್ಲಿ. ಅಮೆರಿಕದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೂ, ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು. ಪೂರ್ಣ ಆಲ್ಬಂ ಬಂದದ್ದು ಆ ವರ್ಷದ ಮೇ ತಿಂಗಳಲ್ಲಿ.

ಇನ್ನೊಂದು ಮಾತು. ಹಾಡಿನ ಶೀರ್ಷಿಕೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಹಾಗಾಗಿ ಅದನ್ನು ‘ಏನು ನಡೀತಿದೆ?’ ಎಂದು ಕೇಳಿದಂತೆಯೂ ತಿಳಿಯಬಹುದು, ‘ನಡೀತಿರೋದು ಇದು’ ಎಂದು ಹೇಳಿದಂತೆಯೂ ತಿಳಿಯಬಹುದು. ಒಂದೊಂದು ರೆಕಾರ್ಡಿಂಗ್ ಈ ಎರಡರಲ್ಲಿ ಯಾವುದರ ಕಡೆ ವಾಲುತ್ತದೆ, ಯಾರನ್ನು ಉದ್ದೇಶಿಸಿ ಮಾತಾಡುತ್ತದೆ ಎಂದು ಗಮನಿಸುವುದೇ ಹೋಲಿಕೆಯ ತಿರುಳು.

ಒಂದು ಬೆರಳಿನ ಅಂತರದಲ್ಲಿ ಸುಖ ದುಃಖ

ಚರ್ಚಿನ ಭಕ್ತಿಗಾಯನದ ಕರೆಯುವ ಧಾಟಿಯನ್ನು ಲೌಕಿಕ ಹಾಡಿಗೆ ತಂದದ್ದು ‘ಸೋಲ್’ ಎಂಬ ಸಂಗೀತ ಶೈಲಿ. ಲಯವನ್ನೇ ಮುಂದಿಟ್ಟು, ಆವರ್ತದ ಮೊದಲ ಪೆಟ್ಟಿಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ ಸಮಕ್ಕೆ, ಒತ್ತು ಕೊಟ್ಟು ಬೇಸ್ ಮತ್ತು ಡ್ರಮ್ಸನ್ನು ನಾಯಕರನ್ನಾಗಿ ಮಾಡಿದ್ದು ‘ಫಂಕ್’ ಶೈಲಿ. ಈ ಹಾಡು ಮೈಯಲ್ಲಿ ಸೋಲ್. ಅದರ ಕಾಲುಗಳು ಮಾತ್ರ, ಅಂದರೆ ಬೇಸ್ ಮತ್ತು ಕೈಯಿಂದ ಬಾರಿಸುವ ಕಾಂಗಾ ಡ್ರಮ್ಮುಗಳು, ಫಂಕಿನ ಕಡೆ ಹೆಜ್ಜೆ ಹಾಕುತ್ತವೆ.

ಹಾಡಿನ ಭಾವ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಒಂದು ಪ್ರಯೋಗ ಮಾಡಿ. ಪಾಶ್ಚಾತ್ಯರ ‘ಇ’ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಿ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಂಪಿಗೆ ‘ಕಾರ್ಡ್’ ಎನ್ನುತ್ತಾರೆ. ಚರಣ ಶುರುವಾಗುವ ಮೊದಲ ಕಾರ್ಡ್‌ನಲ್ಲಿ ಸ, ಗ, ಪ, ನಿ ಒಟ್ಟಿಗೆ ನುಡಿಯುತ್ತವೆ. ಗ ಅಂತರ ಗಾಂಧಾರ, ನಿ ಕಾಕಲಿ ನಿಷಾದ. ಈಗ ಸ, ಗ, ಪ ಒತ್ತಿಯೇ ಇರಲಿ. ನಿಷಾದದ ಬೆರಳನ್ನಷ್ಟೇ ಚತುಶ್ರುತಿ ಧೈವತಕ್ಕೆ ಇಳಿಸಿ. ಹಾಡಿನ ಎರಡನೇ ಕಾರ್ಡ್ ಅದು. ನಾಲ್ಕರಲ್ಲಿ ಮೂರು ಸ್ವರ ಕದಲಲೇ ಇಲ್ಲ, ಆದರೂ ತೃಪ್ತಿಯಂತಿದ್ದದ್ದು ಕೊರಗಿನಂತಾಯಿತು. ಚರಣವೆಲ್ಲ ಹೀಗೆ ತೂಗುತ್ತಲೇ ಹೋಗುತ್ತದೆ. ಮಾತಿಲ್ಲದೆ ಬರೀ ಉಲಿಯುವ ಮಧ್ಯದ ಭಾಗ ಬಂದಾಗ ಚತುಶ್ರುತಿ ಧೈವತದ ಜಾಗಕ್ಕೆ ಶುದ್ಧ ಧೈವತ ಬಂದು ಕೂರುತ್ತದೆ, ಹಾಡು ಕತ್ತಲಾಗುತ್ತದೆ. ಕವರ್ ಹಾಡಿದವರಲ್ಲಿ ಈ ಕತ್ತಲನ್ನು ಯಾರು ಉಳಿಸಿಕೊಂಡಿದ್ದಾರೆ, ಯಾರು ಸಪಾಟು ಮಾಡಿದ್ದಾರೆ ಎಂಬುದು ಕೇಳಿದೊಡನೆ ತಿಳಿಯುತ್ತದೆ.

ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಅವರು ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಆ ಬೆರಳಿಗೆ ‘ಹುಕ್’, ಕೊಕ್ಕೆ, ಎಂದೇ ಹೆಸರಾಗಿತ್ತು. ತಂತಿಗಳನ್ನು ಬದಲಿಸುವ ಅಭ್ಯಾಸವಿರಲಿಲ್ಲ. ಹಳೆಯದಾದ ದಪ್ಪ ತಂತಿಯಲ್ಲಿ ಝಣಕಾರ ಕಡಿಮೆ, ಗುಂಡಗಿನ ದುಂಡು ನಾದ ಹೆಚ್ಚು. ಈ ಹಾಡನ್ನು ಅವರು ನೆಲದ ಮೇಲೆ ಅಂಗಾತ ಮಲಗಿ ನುಡಿಸಿದರೆಂಬ ಮಾತು ಪ್ರಸಿದ್ಧವಾಗಿದೆ. ಹೇಗೇ ನುಡಿಸಿರಲಿ, ಆ ಬೇಸ್ ಒಮ್ಮೆಯೂ ಒಂದೇ ಪಾಠವನ್ನು ಯಾಂತ್ರಿಕವಾಗಿ ಒಪ್ಪಿಸುವುದಿಲ್ಲ. ದನಿ ಬಿಡುವು ಕೊಟ್ಟಲ್ಲೆಲ್ಲ ತಾನೊಂದು ಮಾತು ಸೇರಿಸುತ್ತದೆ. ಮೋಟೌನ್ ತನ್ನ ವಾದ್ಯಗಾರರ ಹೆಸರುಗಳನ್ನು ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದು ಈ ಆಲ್ಬಂನಿಂದ. ಅಲ್ಲಿಯವರೆಗೆ ಇಂಥ ಕೈಗಳಿಗೆ ಹೆಸರೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಎರಡು ದನಿ, ಒಂದೇ ಗಂಟಲು

ಮೂಲ ರೆಕಾರ್ಡಿಂಗ್‌ನ ಗುರುತು ಅದರ ಜೋಡಿ ದನಿ. ಗೇ ಮುಖ್ಯ ಗಾಯನವನ್ನು ಎರಡು ಸಲ ಹಾಡಿಟ್ಟು, ಯಾವುದು ವಾಸಿ ಎಂದು ಹೋಲಿಸಲು ಕೇಳಿಸುವಂತೆ ಎಂಜಿನಿಯರ್ ಕೆನೆತ್ ಸ್ಯಾಂಡ್ಸ್ ಅವರಿಗೆ ಹೇಳಿದ್ದರು. ಒಂದಾದ ಮೇಲೊಂದು ಕೇಳಬೇಕಿದ್ದ ಎರಡೂ ಆಕಸ್ಮಿಕವಾಗಿ ಒಟ್ಟಿಗೆ ಮೊಳಗಿದವು. ಗೇ ಅದನ್ನೇ ಉಳಿಸಿಕೊಂಡರು, ಮುಂದೆ ತಮ್ಮ ಹಾಡುಗಾರಿಕೆಯ ಪದ್ಧತಿಯನ್ನೇ ಅದರ ಮೇಲೆ ಕಟ್ಟಿದರು.

ಒಂದೇ ಸಾಲನ್ನು ಎರಡು ಸಲ ಪಡಿಯಚ್ಚಿನಂತೆ ಹಾಡಿ ದನಿಯನ್ನು ದಪ್ಪಗೊಳಿಸುವುದು ಆಗಲೇ ರೂಢಿಯಲ್ಲಿತ್ತು. ಇದು ಹಾಗಲ್ಲ. ಇಲ್ಲಿ ಎರಡೂ ದನಿ ಅಚ್ಚು ಒತ್ತಿದಂತೆ ಕೂಡುವುದಿಲ್ಲ: ಒಂದು ಸಾಲನ್ನು ನೇರವಾಗಿ ಹೇಳಿದರೆ ಇನ್ನೊಂದು ಅರೆಕ್ಷಣ ತಡವಾಗಿ ಬಂದು ತುದಿಯನ್ನು ಎತ್ತಿಕೊಳ್ಳುತ್ತದೆ, ಕೆಲವೊಮ್ಮೆ ಮೇಲಿನ ಸ್ಥಾಯಿಗೆ ಜಾರುತ್ತದೆ. ಹಿಂದೂಸ್ತಾನಿ ಕಛೇರಿಯಲ್ಲಿ ಗುರುವಿನ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯ, ಗುರು ಬಿಟ್ಟ ಸ್ವರವನ್ನು ಹಿಡಿದು ಮುಂದುವರಿಸುವ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಗುರುವೂ ಅವನೇ, ಶಿಷ್ಯನೂ ಅವನೇ. ಜಗತ್ತಿಗೆ ಹಾಡುತ್ತಿರುವ ಮನುಷ್ಯ ತನ್ನೊಳಗೂ ಮಾತಾಡಿಕೊಳ್ಳುತ್ತಿದ್ದಾನೆ ಅನ್ನಿಸುವುದು ಈ ಕಾರಣಕ್ಕೆ.

ಹಾಡಿನ ಆರಂಭದ ಸ್ಯಾಕ್ಸೊಫೋನ್ ಕೂಡ ಯೋಜಿಸಿದ್ದಲ್ಲ. ಇಲಾಯ್ ಫೌಂಟೇನ್ ವಾದ್ಯ ಹದ ಮಾಡಿಕೊಳ್ಳಲು ಸುಮ್ಮನೆ ನುಡಿಸಿದ್ದನ್ನು ಗೇ ಹಾಗೇ ಇಟ್ಟುಕೊಂಡರು. ಅದರ ಜೊತೆ ಕೇಳುವ ಗೆಳೆಯರ ಕುಶಲೋಪರಿ ಸ್ಟುಡಿಯೋದಲ್ಲಿ ಬೇಕೆಂದೇ ದಾಖಲಿಸಿದ್ದು. ಅದರಲ್ಲಿ ಡೆಟ್ರಾಯಿಟ್ ಲಯನ್ಸ್ ಫುಟ್ಬಾಲ್ ತಂಡದ ಮೆಲ್ ಫಾರ್ ಮತ್ತು ಲೆಮ್ ಬಾರ್ನಿ ಅವರ ದನಿಯೂ ಇದೆ. ಯುದ್ಧ ಮತ್ತು ಲಾಠಿಯ ಬಗ್ಗೆ ಹೇಳಹೊರಟ ಹಾಡು ಒಂದು ಮನೆಯ ಜಗಲಿಯ ಮೇಲೆ ತೆರೆದುಕೊಳ್ಳುತ್ತದೆ.

ಸಿಂಗಲ್, ಡೆಟ್ರಾಯಿಟ್ ಮಿಕ್ಸ್, ಆಲ್ಬಂ

ಈ ಮೂರರಲ್ಲೂ ಹಾಡಿದವರು, ನುಡಿಸಿದವರು ಅವರೇ. ಬೇರೆಯಾಗುವುದು ಮಿಕ್ಸ್.

1971ರ ಜನವರಿಯ ಸಿಂಗಲ್ ಮೋನೋದಲ್ಲಿದೆ. ಮೋನೋ ಎಂದರೆ ಎಲ್ಲ ಧ್ವನಿಯೂ ಒಂದೇ ಸಾಲಿನಲ್ಲಿ, ಎಡ ಬಲವೆಂಬುದಿಲ್ಲ. ಕಾರಿನ ರೇಡಿಯೋದ ಒಂದೇ ಸಣ್ಣ ಸ್ಪೀಕರಿನಲ್ಲಿ, ಬೀದಿಯ ಗದ್ದಲದ ನಡುವೆ ಕೇಳಿಸಬೇಕಾದ ರೆಕಾರ್ಡ್ ಅದು. ಎಲ್ಲರೂ ಒಂದೇ ಬಾಗಿಲಿನಿಂದ ಹೊರಬರಬೇಕಾದ್ದರಿಂದ ಬೇಸ್, ಕಾಂಗಾ, ದನಿ ಒಂದಕ್ಕೊಂದು ತಾಗಿಕೊಂಡೇ ನಿಲ್ಲುತ್ತವೆ; ಲಯದ ನೂಕು ಹೆಚ್ಚು.

ಆಲ್ಬಂಗಾಗಿ 1971ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಲ್ಲೇ ಒಂದು ಸ್ಟೀರಿಯೋ ಮಿಕ್ಸ್, ಅಂದರೆ ಎಡ ಬಲ ಬೇರೆಯಾಗಿ ಕೇಳುವ ಮಿಕ್ಸ್, ಆಯಿತು. ಗೇ ಅದನ್ನು ಬದಿಗಿಟ್ಟು ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಮಿಕ್ಸ್ ಮಾಡಿಸಿದರು. ಆಲ್ಬಂ ಆಗಿ ಹೊರಬಂದದ್ದು ಈ ಎರಡನೆಯದು. ಡೆಟ್ರಾಯಿಟ್ ಮಿಕ್ಸ್ ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದು, 2001ರ ವಿಶೇಷ ಆವೃತ್ತಿಯಲ್ಲಿ ಬೆಳಕು ಕಂಡಿತು.

ಎರಡನ್ನೂ ಹೆಡ್‌ಫೋನ್‌ನಲ್ಲಿ ಒಂದಾದ ಮೇಲೊಂದು ಕೇಳಿದರೆ ಮೊದಲು ಗೊತ್ತಾಗುವುದು ಪ್ರತಿಧ್ವನಿ. ಡೆಟ್ರಾಯಿಟ್‌ನದು ಒಣ ಮಿಕ್ಸ್. ಪದದ ಕೊನೆಯ ಅಕ್ಷರ ಮುಗಿದಲ್ಲೇ ಮುಗಿಯುತ್ತದೆ; ಗೇ ನಿಮ್ಮ ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ, ತಾಳವಾದ್ಯಗಳು ಪಕ್ಕದಲ್ಲೇ ಇವೆ. ಆಲ್ಬಂನ ಮಿಕ್ಸ್‌ನಲ್ಲಿ ಅದೇ ಅಕ್ಷರದ ಹಿಂದೆ ಒಂದು ಬಾಲವಿದೆ, ಡೇವಿಡ್ ವ್ಯಾನ್ ಡಿಪಿಟ್ ಸಂಯೋಜಿಸಿದ ಪಿಟೀಲುಗಳ ಸಮೂಹದೊಳಗೆ ಅದು ಕರಗುತ್ತದೆ. ದನಿ ಎತ್ತರದ ಛಾವಣಿಯ ಕೆಳಗಿನಿಂದ ಬಂದಂತಿರುತ್ತದೆ. ಒಂದರಲ್ಲಿ ಹಾಡು ತಮ್ಮನೊಡನೆ ಆಡುವ ಮಾತು, ಇನ್ನೊಂದರಲ್ಲಿ ಪ್ರಾರ್ಥನೆ. ಡೆಟ್ರಾಯಿಟ್‌ನದನ್ನು ‘ಅಪೂರ್ಣ’ ಎಂದು ತಳ್ಳಿಹಾಕುವುದು ತಪ್ಪು. ಆದರೆ ಹಾಡಿನಿಂದ ಹಾಡಿಗೆ ಬಿಡುವಿಲ್ಲದೆ ಹರಿಯುವ ಆಲ್ಬಂಗೆ ಆ ಎತ್ತರದ ಛಾವಣಿ ಬೇಕಿತ್ತು. ಗೇ ಅವರ ಆಯ್ಕೆ ಸರಿಯಾಗಿತ್ತೆಂದೇ ನಮ್ಮ ಅಭಿಪ್ರಾಯ.

ಅದೇ ಹಾಡು, ಸಭೆಯ ಮುಂದೆ

1972ರ ಮೇ 1ರಂದು ಗೇ ತಮ್ಮ ಹುಟ್ಟೂರಾದ ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನಲ್ಲಿ ಈ ಆಲ್ಬಂ ಅನ್ನು ಹಾಡಿದರು. ರೆಕಾರ್ಡಿನ ಎರಡನೇ ಬದಿಯ ಹಾಡುಗಳನ್ನು ಮೊದಲು ಹಾಡಿ, ಶೀರ್ಷಿಕೆಯ ಹಾಡಿಗೆ ಆಮೇಲೆ ಬಂದರು. ವೇದಿಕೆಯ ಮೇಲೆ ಗಂಟಲು ಒಂದೇ. ಸ್ಟುಡಿಯೋದ ಎರಡನೇ ಗೇ ಅಲ್ಲಿಲ್ಲ. ಹಾಗಾಗಿ ಈ ರೆಕಾರ್ಡಿಂಗ್ ತೆಳ್ಳಗೆ ಕೇಳಿಸಿದರೆ ಅದು ಗಾಯಕನ ಸೋಲಲ್ಲ. ಸ್ಟುಡಿಯೋದಲ್ಲಿ ಮಾತ್ರ ಸಾಧ್ಯವಾಗುವ ಒಂದು ಪದರ ಕಳಚಿದೆ, ಅಷ್ಟೆ. ಅದರ ಬದಲು ಸಿಗುವುದು ಒಂದೇ ದನಿ ಸಾಲನ್ನು ಎಲ್ಲಿ ಎಳೆಯುತ್ತದೆ, ಎಲ್ಲಿ ನುಂಗುತ್ತದೆ ಎಂಬ ಸ್ಪಷ್ಟತೆ.

ಇದಕ್ಕೂ ಮೊದಲು, 1971ರಲ್ಲಿ, ಡಾನಿ ಹ್ಯಾಥವೇ ಹಾಲಿವುಡ್‌ನ ಟ್ರೂಬಡೋರ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಇದನ್ನು ಹಾಡಿದ್ದರು. 1972ರಲ್ಲಿ ಬಂದ ಅವರ ‘ಲೈವ್’ ಆಲ್ಬಂ ಇದರಿಂದಲೇ ಶುರುವಾಗುತ್ತದೆ. ಕವರ್‌ಗಳಲ್ಲಿ ಒಂದನ್ನೇ ಕೇಳುವುದಾದರೆ ಇದನ್ನು ಕೇಳಿ. ಪಿಟೀಲುಗಳ ಸಮೂಹವಿಲ್ಲ, ಸ್ಯಾಕ್ಸೊಫೋನ್ ಇಲ್ಲ. ಹ್ಯಾಥವೇ ಅವರೇ ನುಡಿಸುವ ಎಲೆಕ್ಟ್ರಿಕ್ ಪಿಯಾನೋ, ವಿಲ್ಲಿ ವೀಕ್ಸ್ ಅವರ ಬೇಸ್, ಫ್ರೆಡ್ ವೈಟ್ ಅವರ ಡ್ರಮ್ಸ್, ಗಿಟಾರ್, ಕಾಂಗಾ, ಇಷ್ಟೇ. ಪಿಟೀಲುಗಳು ತುಂಬುತ್ತಿದ್ದ ಜಾಗವನ್ನು ಪಿಯಾನೋದ ಕಾರ್ಡ್‌ಗಳು ಹೊರಬೇಕು, ಹೊರುತ್ತವೆ. ನಾಲ್ಕು ನಿಮಿಷದೊಳಗಿನ ಹಾಡು ಇಲ್ಲಿ ಐದು ನಿಮಿಷ ದಾಟುವುದು ನಡುವಿನ ಪಿಯಾನೋ ವಾದನದಿಂದ. ಗೇ ಸ್ಟುಡಿಯೋದಲ್ಲಿ ಗೆಳೆಯರನ್ನು ಸೇರಿಸಿ ಕಟ್ಟಿದ ಸಭೆ ಇಲ್ಲಿ ನಿಜವಾಗಿಯೇ ಕೂತಿದೆ, ಕೂಗಿ ಉತ್ತರಿಸುತ್ತಿದೆ. ಚರ್ಚಿನಲ್ಲಿ ಹಾಡಿ ಬೆಳೆದ ಹ್ಯಾಥವೇಗೆ ಅದು ಗೊತ್ತಿದ್ದ ಸಂಬಂಧವೇ.

ಉಳಿದವನ್ನು ಬೇಗ ನೋಡಿಬಿಡೋಣ. ಕ್ವಿನ್ಸಿ ಜೋನ್ಸ್ 1971ರಲ್ಲೇ ಇದನ್ನು ಹತ್ತು ನಿಮಿಷದ ಹತ್ತಿರಕ್ಕೆ ಹಿಗ್ಗಿಸಿ ಜಾಝ್ ವಾದ್ಯಗಾರರ ಸರದಿಗೆ ಬಿಟ್ಟರು. ಮಾತು ಹಿಂದೆ ಸರಿದು ಕಾರ್ಡ್‌ಗಳೇ ವಿಷಯವಾಗುತ್ತವೆ. ಸಿಂಡಿ ಲಾಪರ್ 1986ರ ‘ಟ್ರೂ ಕಲರ್ಸ್’ ಆಲ್ಬಂನಲ್ಲಿ ಹಾಡನ್ನು ಗುಂಡಿನ ಸದ್ದಿನಿಂದ ಆರಂಭಿಸಿದರು. ಗೇ ನಗುಮಾತಿನ ಕೆಳಗೆ ಅಡಗಿಸಿದ್ದನ್ನು ಅವರು ಬಾಗಿಲಲ್ಲೇ ಇಟ್ಟರು, ಪ್ರಶ್ನೆ ಹೇಳಿಕೆಯಾಯಿತು. 2001ರಲ್ಲಿ ಏಡ್ಸ್ ಪರಿಹಾರ ನಿಧಿಗೆಂದು ಹಲವು ತಾರೆಯರು ಸೇರಿ ಹಾಡಿದ ಆವೃತ್ತಿಯಲ್ಲಿ ಸಾಲಿಗೊಬ್ಬ ಗಾಯಕ ಬದಲಾಗುತ್ತಾನೆ. ಅದರ ಉದ್ದೇಶ ದೊಡ್ಡದು. ಆದರೆ ಒಬ್ಬ ಮಗ ತನ್ನ ತಾಯಿಯನ್ನು ಕರೆಯುತ್ತಿದ್ದಾನೆ ಎಂಬ ಭಾವ ಅಲ್ಲಿ ನಿಲ್ಲುವುದು ಕಷ್ಟ.

ಮನೆಯಲ್ಲಿ ಹೋಲಿಸುವ ಕ್ರಮ, ತಪ್ಪುವ ಜಾಗ

ಮೊದಲು ಫೋನಿನ ಸ್ಪೀಕರ್ ಬಿಡಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಬೆರಳುಗಲದ ಸ್ಪೀಕರ್ ಅಷ್ಟು ಕೆಳಗಿಳಿಯಲಾರದು. ಜೇಮರ್ಸನ್ ಅವರ ನುಡಿಸಾಣಿಕೆಯ ತಳವೇ ಮಾಯವಾಗುತ್ತದೆ, ಆಗ ಎಲ್ಲ ಮಿಕ್ಸ್‌ಗಳೂ ಒಂದೇ ಅನ್ನಿಸುತ್ತವೆ. ಸಾಧಾರಣ ಹೆಡ್‌ಫೋನ್ ಸಾಕು.

ಎರಡನೆಯದು ಜೋರು. ಎರಡು ರೆಕಾರ್ಡಿಂಗ್‌ಗಳಲ್ಲಿ ತುಸು ಜೋರಾಗಿರುವುದೇ ಕಿವಿಗೆ ‘ಚೆನ್ನಾಗಿದೆ’ ಅನ್ನಿಸುತ್ತದೆ, ಅದು ಜೋರು ಎಂದು ಗೊತ್ತಾಗದೆಯೇ. ಹೊಸ ರೀಮಾಸ್ಟರ್‌ಗಳು ಸಾಮಾನ್ಯವಾಗಿ ಹಳೆಯವಕ್ಕಿಂತ ಜೋರು. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ‘ನಾರ್ಮಲೈಜ್’ ಆಯ್ಕೆಯಿದ್ದರೆ ಹಾಕಿಕೊಳ್ಳಿ, ನಾದದ ಬಣ್ಣ ಬದಲಿಸುವ ಈಕ್ವಲೈಜರ್ ಆಫ್ ಮಾಡಿ.

ಪೂರ್ತಿ ಹಾಡು ಕೇಳಿ ಇನ್ನೊಂದಕ್ಕೆ ಹೋದರೆ ಮೊದಲನೆಯದರ ವಿವರ ನೆನಪಿನಲ್ಲಿ ಉಳಿಯುವುದಿಲ್ಲ. ಮೊದಲ ಚರಣದ 30 ಸೆಕೆಂಡ್ ಮಾತ್ರ ಆರಿಸಿಕೊಳ್ಳಿ. ಒಂದು ಸುತ್ತು ಬೇಸ್ ಒಂದನ್ನೇ ಹಿಂಬಾಲಿಸಿ, ಮುಂದಿನ ಸುತ್ತು ಎರಡನೇ ದನಿಯನ್ನು, ಆಮೇಲೆ ಪದಗಳ ಕೊನೆಯ ಬಾಲವನ್ನು. ವೇಗ ಅಳೆಯಲು 15 ಸೆಕೆಂಡಿನಲ್ಲಿ ಎಷ್ಟು ಪೆಟ್ಟು ಬೀಳುತ್ತವೆ ಎಂದು ಎಣಿಸಿ ನಾಲ್ಕರಿಂದ ಗುಣಿಸಿ. ಆಲ್ಬಂನ ಹಾಡಿಗೆ ನಿಮಿಷಕ್ಕೆ ಸುಮಾರು 100 ಬರುತ್ತದೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಕವರ್‌ಗಳನ್ನು ಎಣಿಸಿ.

ಫೋನಿನ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೋ’ ಒತ್ತಿ ಆಲ್ಬಂ ಕೇಳಿದರೆ ಸಿಂಗಲ್ ಸಿಕ್ಕಿತೆಂದು ಕೆಲವರು ತಿಳಿಯುತ್ತಾರೆ. ಸಿಗುವುದಿಲ್ಲ. ಸ್ಟೀರಿಯೋವನ್ನು ಹಾಗೆ ಒಂದಾಗಿಸಿದಾಗ ನಡುವಿನಲ್ಲಿರುವ ಧ್ವನಿ ಬದಿಯ ವಾದ್ಯಗಳಿಗಿಂತ ಸುಮಾರು 3 ಡೆಸಿಬೆಲ್ ಮೇಲೇಳುತ್ತದೆ. ಅಕ್ಕಪಕ್ಕದವರು ಹಿಂದೆ ಸರಿಯುತ್ತಾರೆ. ಸಿಂಗಲ್‌ನ ಮೋನೋ ಮಿಕ್ಸನ್ನು ಬೇರೆಯಾಗಿಯೇ ಕೂತು ಮಾಡಿದ್ದು, ಅದನ್ನು ಅದರ ಹೆಸರಿನಲ್ಲೇ ಹುಡುಕಬೇಕು.

ಆಲ್ಬಂ ಕೇಳುವಾಗ ಹಾಡುಗಳ ಕ್ರಮ ಕಲಸುವ ‘ಷಫಲ್’ ಆಫ್ ಆಗಿರಲಿ. ಮೊದಲ ಹಾಡು ಅಲ್ಲಿ ಮುಗಿಯುವುದೇ ಇಲ್ಲ. ಯುದ್ಧದಿಂದ ಮರಳಿದ ಸೈನಿಕ ಮಾತಾಡುವ ಎರಡನೇ ಹಾಡಿನೊಳಕ್ಕೆ ನೇರ ಜಾರುತ್ತದೆ. ಸುಮಾರು 35 ನಿಮಿಷ ಕಳೆದು, ಕೊನೆಯ ‘ಇನ್ನರ್ ಸಿಟಿ ಬ್ಲೂಸ್’ ಹಾಡಿನ ಫಂಕ್ ಬೇಸ್ ತಗ್ಗುತ್ತ ಬಂದಾಗ ಕಿವಿ ತೆರೆದಿರಿ. ತಾಯಿಯನ್ನು ಕರೆದ ಮೊದಲ ಸಾಲು ಅಲ್ಲಿ ಮತ್ತೆ ಬರುತ್ತದೆ, ಬಂದು ಮೆಲ್ಲಗೆ ದೂರವಾಗುತ್ತದೆ.